ಜಾಲತಾಣಕ್ಕೆ ಕಾಗದದ ಕರಡು

ಜಾಲತಾಣವೊಂದನ್ನು ರಚಿಸಲು ಹೊರಟ ವಿದ್ಯಾರ್ಥಿಗಳು ನಮ್ಮನ್ನು ಕಂಡಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: ಪುಟಗಳ ನಕ್ಷೆಯನ್ನು ತಯಾರಿಸಲು ಯಾವ ತಂತ್ರಾಂಶ ಉತ್ತಮವಾದುದು? ಇದಕ್ಕೆ ನಾವು ಕೊಡುವ ಉತ್ತರ ಅನೇಕರಿಗೆ ರುಚಿಸುವುದಿಲ್ಲ. ಒಂದು ಪೆನ್ಸಿಲು, ಒಂದು ರಬ್ಬರು, ಒಂದಷ್ಟು ಬಿಳಿಯ ಹಾಳೆ, ಒಂದು ಕತ್ತರಿ, ಇಷ್ಟು ಸಾಕೆನ್ನುತ್ತೇವೆ. ಇದನ್ನು ಕೇಳಿ ಕೆಲವರು ನಗುತ್ತಾರೆ. ಕೆಲವರು ಇವರಿಗೆ ಈ ಕಾಲದ ವಿದ್ಯಮಾನ ತಿಳಿಯದೆಂದು ಭಾವಿಸಿ ಮರ್ಯಾದೆಯಿಂದ ಸುಮ್ಮನಾಗುತ್ತಾರೆ. ಆದರೆ ಈ ಮಾತನ್ನು ನಾವು ವಿನೋದಕ್ಕಾಗಿಯಾಗಲಿ, ಹಳೆಯದರ ಮೇಲಿನ ಮೋಹದಿಂದಾಗಲಿ ಹೇಳುತ್ತಿಲ್ಲ. ಇದರ ಹಿಂದೆ ಕಾರಣಗಳುಂಟು. ಕೆಲವು ಪ್ರಯೋಗಗಳಿಂದ ತಿಳಿದುಬಂದವು. ಕೆಲವು ನಮ್ಮ ಲಿಪಿಯ ಸ್ವಭಾವದಿಂದಲೇ ಹುಟ್ಟಿದವು. ಒಂದನ್ನು ಮಾತ್ರ ನಾವು ನಮ್ಮದೇ ತಪ್ಪಿನಿಂದ ಕಲಿತೆವು.

ಮೊದಲು ಎರಡು ಶಬ್ದಗಳ ಅರ್ಥವನ್ನು ನಿಶ್ಚಯಿಸಿಕೊಳ್ಳೋಣ. ಜಾಲತಾಣವನ್ನು ಕಟ್ಟುವುದಕ್ಕೆ ಮುಂಚೆ ಅದರ ಪುಟದಲ್ಲಿ ಯಾವುದು ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು, ಯಾವುದನ್ನು ಒತ್ತಿದರೆ ಏನು ಕಾಣಬೇಕು ಎಂಬುದನ್ನು ತೋರಿಸುವ ಮಾದರಿಗೆ ಕಸುಬಿನವರು ಮಾಕಪ್ ಎನ್ನುತ್ತಾರೆ. ಅದನ್ನು ನೋಡಿದವರು ಹೇಳುವ ಗುಣದೋಷಗಳಿಗೆ ಫೀಡ್‌ಬ್ಯಾಕ್ ಎಂದು ಹೆಸರು. ನಾವು ಮೊದಲನೆಯದನ್ನು ಕರಡು ಎಂದೂ ಎರಡನೆಯದನ್ನು ಅಭಿಪ್ರಾಯವೆಂದೂ ಕರೆಯುತ್ತೇವೆ. ಕರಡು ಇರುವುದು ಅಭಿಪ್ರಾಯಕ್ಕಾಗಿ. ಅಭಿಪ್ರಾಯವನ್ನು ಹೊರಡಿಸದ ಕರಡು ಎಷ್ಟೇ ಸುಂದರವಾಗಿದ್ದರೂ ಅದರಿಂದ ಕೆಲಸವಾಗಲಿಲ್ಲವೆಂದೇ ತಿಳಿಯಬೇಕು.

ಸೊರಬ ತಾಲ್ಲೂಕಿನ ಹೊಸಬಾಳೆ ಅಡಕೆಯ ತೋಟಗಳ, ಭತ್ತದ ಗದ್ದೆಗಳ ಊರು. ಈ ಸೀಮೆಯ ಬೆಳೆಗಾರನು ತನ್ನ ಅಡಕೆಯನ್ನು ಸಾಗರಕ್ಕೋ ಶಿರಸಿಗೋ ಶಿವಮೊಗ್ಗೆಗೋ ಒಯ್ಯಬೇಕು. ಒಯ್ಯುವ ಮೊದಲು ಎಲ್ಲಿ ಯಾವ ಬಗೆಗೆ ಎಷ್ಟು ದರವಿದೆಯೆಂಬುದು ಅವನಿಗೆ ತಿಳಿದಿರಬೇಕು. ರಾಶಿ, ಬೆಟ್ಟೆ, ಗೊರಬಲು, ಸರಕು, ಚಾಲಿ, ಸಿಪ್ಪೆಗೋಟು, ಕೆಂಪುಗೋಟು, ಕೋಕ ಎಂದು ಬಗೆಗಳು ಹಲವು. ಒಂದೊಂದಕ್ಕೂ ಕ್ವಿಂಟಾಲಿಗೆ ಇಂತಿಷ್ಟೆಂದು ಕನಿಷ್ಠ ದರ, ಗರಿಷ್ಠ ದರ. ಬಗೆಗೂ ಬಗೆಗೂ ನಡುವೆ ಸಾವಿರಗಟ್ಟಲೆ ರೂಪಾಯಿಗಳ ಅಂತರ. ಇಲ್ಲಿಯ ನಾಲ್ಕಾರು ಮಂದಿ ಕಾಲೇಜು ವಿದ್ಯಾರ್ಥಿಗಳು ಈ ದರಗಳನ್ನೆಲ್ಲ ಒಂದೆಡೆ ತೋರಿಸುವ ಚಿಕ್ಕ ಜಾಲತಾಣವೊಂದನ್ನು ಮಾಡಬೇಕೆಂದು ಒಂದು ಮಳೆಗಾಲದಲ್ಲಿ ಹೊರಟರು. ಉದ್ದೇಶ ಒಳ್ಳೆಯದು, ಹುಡುಗರು ಬುದ್ಧಿವಂತರು. ಅವರು ಒಂದು ಪ್ರಸಿದ್ಧ ತಂತ್ರಾಂಶವನ್ನು ಕಲಿತು, ಕರೆಂಟು ಇದ್ದ ಹೊತ್ತಿನಲ್ಲೆಲ್ಲ ಕುಳಿತು, ಹಲವು ವಾರಗಳ ಶ್ರಮದಿಂದ ಬಣ್ಣಬಣ್ಣದ ಕರಡನ್ನು ಸಿದ್ಧಪಡಿಸಿದರು. ಮೇಲ್ಗಡೆ ಅಡಕೆ ತೋಟದ ವಿಶಾಲವಾದ ಚಿತ್ರ, ಅದರ ಕೆಳಗೆ ನೆರಳಿನಿಂದ ಕೂಡಿದ ಗುಂಡಿಗಳು, ಇಂಗ್ಲಿಷ್ ಶೀರ್ಷಿಕೆಗಳು, ದರದ ಕೋಷ್ಟಕ ಇರಬೇಕಾದಲ್ಲಿ ಲ್ಯಾಟಿನಿನ ಅರ್ಥವಿಲ್ಲದ ಸಾಲುಗಳು.

ಒಂದು ಸಂಜೆ ಜಗಲಿಯ ಮೇಲೆ ಏಳೆಂಟು ಮಂದಿ ಬೆಳೆಗಾರರನ್ನು ಕೂಡಿಸಿ ಇದನ್ನು ತೋರಿಸಲಾಯಿತು. ನಾವೂ ಅಲ್ಲಿದ್ದೆವು. ಎಲ್ಲರೂ "ಅಡ್ಡಿಲ್ಲೆ, ಅಡ್ಡಿಲ್ಲೆ" ಎಂದರು. ಈ ಭಾಗದವರಲ್ಲದ ಓದುಗರಿಗೆ ಹೇಳಬೇಕಾದ ಮಾತೆಂದರೆ, ಹವ್ಯಕರ ಮನೆಮಾತಿನ ಈ ಶಬ್ದ ಒಪ್ಪಿಗೆಯನ್ನೂ ಸೂಚಿಸಬಲ್ಲದು, "ನಿಮ್ಮ ಮನಸ್ಸು ನೋಯಿಸಲಾರೆವು" ಎಂಬುದನ್ನೂ ಸೂಚಿಸಬಲ್ಲದು. ನಾವು ಕೂಡ ಚೆನ್ನಾಗಿದೆಯೆಂದೇ ಹೇಳಿದೆವು. ಆ ಮಾತಿನ ಹೊಣೆಯಿಂದ ನಾವು ತಪ್ಪಿಸಿಕೊಳ್ಳಲಾರೆವು.

ಅಡಕೆಯ ಕೊನೆಕೊಯ್ಲಿನ ಹೊತ್ತಿಗೆ ಜಾಲತಾಣ ಸಿದ್ಧವಾಯಿತು. ಕಂಪ್ಯೂಟರಿನ ಅಗಲವಾದ ತೆರೆಯಲ್ಲಿ ಕಂಡಿದ್ದ ಪುಟ ಈಗ ಅಂಗೈಯಗಲದ ಫೋನಿನಲ್ಲಿ ತೆರೆದುಕೊಂಡಿತು. ತೋಟದ ಚಿತ್ರವೇ ತೆರೆಯನ್ನು ತುಂಬಿಬಿಟ್ಟಿತು. ಕೋಷ್ಟಕದ ಮನೆಗಳ ಎತ್ತರವನ್ನು ಇಂಗ್ಲಿಷ್ ಅಕ್ಷರಗಳಿಗೆ ತಕ್ಕಂತೆ ನಿಗದಿಮಾಡಿ, ಅದನ್ನು ಮೀರಿದ್ದು ಕಾಣದಂತೆ ಬರೆದಿದ್ದುದರಿಂದ ಕನ್ನಡದ ಒತ್ತುಗಳು ಕತ್ತರಿಸಿಹೋದವು. ಬೆಟ್ಟೆ ಎಂಬುದು 'ಬೆಟೆ' ಆಯಿತು. ಗರಿಷ್ಠವು 'ಗರಿಷ' ಆಯಿತು. ಸಿಪ್ಪೆಗೋಟು ತನ್ನ ಮನೆಯಲ್ಲಿ ಹಿಡಿಸದೆ ಪಕ್ಕದ ಅಂಕಿಯ ಮೇಲೆ ಹತ್ತಿ ಕುಳಿತಿತು. ಒಬ್ಬ ಹಿರಿಯರು ಬಹಳ ಹೊತ್ತು ಫೋನನ್ನು ಹಿಂದೆ ಮುಂದೆ ಹಿಡಿದು ನೋಡಿ, "ಅಡ್ಡಿಲ್ಲೆ ಮಾಣಿ, ದರ ಎಲ್ಲಿದ್ದು?" ಎಂದು ಕೇಳಿದರು. ದರವಿದ್ದುದು ಬೆರಳಿನಿಂದ ಮೂರು ಬಾರಿ ಮೇಲಕ್ಕೆ ಸರಿಸಿದ ಮೇಲೆ ಬರುವ ಜಾಗದಲ್ಲಿ. ಅಷ್ಟರಲ್ಲಿ ಹುಡುಗರಿಗೆ ಪರೀಕ್ಷೆ ಹತ್ತಿರವಾಗಿತ್ತು. ಬರೆದದ್ದನ್ನೆಲ್ಲ ಒಡೆದು ಮತ್ತೆ ಕಟ್ಟುವ ಉತ್ಸಾಹ ಯಾರಿಗೂ ಉಳಿದಿರಲಿಲ್ಲ. ಆ ವರ್ಷದ ಕೊಯ್ಲು ಮುಗಿಯಿತು. ಬೆಳೆಗಾರರು ಎಂದಿನಂತೆ ಮಂಡಿಗೆ ಫೋನು ಮಾಡಿ ದರ ಕೇಳಿಕೊಂಡರು.

ಇಲ್ಲಿ ತಪ್ಪಿದ್ದು ಎಲ್ಲಿ? ಹುಡುಗರು ಬೆಳೆಗಾರರನ್ನು ಕೇಳಲಿಲ್ಲವೆನ್ನುವಂತಿಲ್ಲ; ಕೇಳಿದ್ದರು. ಬೆಳೆಗಾರರಿಗೆ ತಿಳಿವಳಿಕೆ ಸಾಲದೆನ್ನುವುದಂತೂ ಅನ್ಯಾಯ. ಅಡಕೆಯ ದರದ ವಿಷಯದಲ್ಲಿ ಅವರಿಗಿಂತ ತಿಳಿದವರು ಯಾರು? ನಮ್ಮ ಅಭಿಪ್ರಾಯದಲ್ಲಿ ತಪ್ಪಿದ್ದು ಕರಡಿನ ರೂಪದಲ್ಲಿ. ಅದು ಕರಡಿನಂತೆ ಕಾಣಲೇ ಇಲ್ಲ. ಪೂರ್ಣಗೊಂಡ ವಸ್ತುವಿನಂತೆ ಹೊಳೆಯುತ್ತಿತ್ತು. ಹೊಳೆಯುವ ವಸ್ತುವನ್ನು ತಂದು ಮುಂದಿರಿಸಿದ ಹುಡುಗನಿಗೆ "ಇದು ಸರಿಯಿಲ್ಲ, ತೆಗೆದುಹಾಕು" ಎಂದು ಹೇಳಲು ಯಾವ ಸಭ್ಯನಿಗೆ ತಾನೆ ನಾಲಗೆ ಬಂದೀತು? ಒಗ್ಗರಣೆ ಹಾಕಿ ಬಡಿಸಿದ ಮೇಲೆ ಉಪ್ಪಿನ ಮಾತೆತ್ತದೆ ಉಂಡೇಳುವುದು ನಮ್ಮವರ ರೀತಿ.

ಇದು ಮಲೆನಾಡಿನವರ ಸಂಕೋಚವೊಂದೇ ಅಲ್ಲ. ೧೯೯೬ರಲ್ಲಿ ಜರ್ಮನಿಯ ಕೆಲವು ಸಂಶೋಧಕರು ವಾಸ್ತುಶಿಲ್ಪಿಗಳ ಮುಂದೆ ಎರಡು ಬಗೆಯ ಚಿತ್ರಗಳನ್ನಿರಿಸಿದರು: ಕಂಪ್ಯೂಟರು ಅಚ್ಚುಕಟ್ಟಾಗಿ ಬರೆದದ್ದು ಒಂದು, ಕೈಯಲ್ಲಿ ಗೀಚಿದಂತೆ ಕಾಣುವುದು ಇನ್ನೊಂದು. ಮೊದಲ ಹಂತದ ಕರಡನ್ನು ಮನೆ ಕಟ್ಟಿಸುವವರಿಗೆ ತೋರಿಸಲು ಗೀಚಿದಂತಹುದೇ ಮೇಲೆಂದು ಹೆಚ್ಚಿನವರು ಅಭಿಪ್ರಾಯಪಟ್ಟರು. ೨೦೦೬ರಲ್ಲಿ ಮರ್ಯಂ ತೋಹಿದಿ, ಬಿಲ್ ಬಕ್ಸ್‌ಟನ್ ಮತ್ತು ಅವರ ಇಬ್ಬರು ಜೊತೆಗಾರರು ಪ್ರಕಟಿಸಿದ ಪ್ರಯೋಗ ಇನ್ನೂ ಸ್ವಾರಸ್ಯವಾದುದು. ಮನೆಯ ಉಷ್ಣತೆಯನ್ನು ನಿಯಂತ್ರಿಸುವ ಉಪಕರಣವೊಂದಕ್ಕೆ ಅವರು ಕಾಗದದಲ್ಲಿ ಮೂರು ಬೇರೆ ಬೇರೆ ಕರಡುಗಳನ್ನು ಮಾಡಿದರು. ಕೆಲವರಿಗೆ ಒಂದನ್ನು ಮಾತ್ರ ತೋರಿಸಿದರು. ಕೆಲವರಿಗೆ ಮೂರನ್ನೂ ತೋರಿಸಿದರು. ಒಂದನ್ನೇ ಕಂಡವರು ಅದಕ್ಕೆ ಉದಾರವಾಗಿ ಅಂಕ ಕೊಟ್ಟರು. ಅದೇ ಕರಡನ್ನು ಇನ್ನೆರಡರ ಜೊತೆಗೆ ಕಂಡವರು ಕಡಮೆ ಅಂಕ ಕೊಟ್ಟು, ದೋಷಗಳನ್ನು ಹೆಚ್ಚು ನಿಸ್ಸಂಕೋಚವಾಗಿ ಎತ್ತಿ ಹೇಳಿದರು. ಒಂದೇ ಇದ್ದಾಗ ಅದನ್ನು ತೆಗಳಿದರೆ ಮಾಡಿದವರನ್ನೇ ತೆಗಳಿದಂತೆ. ಮೂರಿದ್ದಾಗ ಹೋಲಿಸಿ ಮಾತಾಡಬಹುದು. ಸರಿ, ಮೂರು ಬಗೆಯ ಕರಡುಗಳನ್ನು ಒಂದೇ ಸಂಜೆಯಲ್ಲಿ ಮಾಡಿ ಮುಗಿಸಲು ಯಾವ ಸಾಧನದಿಂದ ಸಾಧ್ಯ? ವಾರಗಟ್ಟಲೆ ಬಣ್ಣ ಬಳಿಯುವ ತಂತ್ರಾಂಶದಿಂದಲ್ಲ. ಪೆನ್ಸಿಲಿನಿಂದ ಸಾಧ್ಯ.

ಈ ವಿವೇಕವನ್ನು ಕಲಿಯಲು ಜರ್ಮನಿಯವರೆಗೆ ಹೋಗಬೇಕಾಗಿಯೂ ಇರಲಿಲ್ಲ. ಸೊರಬ ಸಾಗರಗಳ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ಹೆಸರಾದವರು. ಅವರ ಕೆಲಸದ ಕ್ರಮವನ್ನು ಹಳೆಯ ಗ್ಯಾಸೆಟಿಯರುಗಳು ವರ್ಣಿಸಿವೆ. ಮರದ ಹಲಗೆಯನ್ನು ಮೊದಲು ನುಣುಪಾಗಿ ಹೆರೆದು, ಅದರ ಮೇಲೆ ಬಿಳಿಯ ಕಾಗದವನ್ನು ಅಂಟಿಸುತ್ತಿದ್ದರು; ಬಳ್ಳಿ, ಎಲೆ, ಹಕ್ಕಿಗಳ ವಿವರವೆಲ್ಲ ಆ ಕಾಗದದ ಮೇಲೆ ಮೂಡುತ್ತಿತ್ತು; ಆಮೇಲೆ ಕಾಗದದ ಮೂಲಕವೇ ಗೆರೆ ಕೊರೆದು ಕೆತ್ತನೆಗೆ ತೊಡಗುತ್ತಿದ್ದರು. ಶ್ರೀಗಂಧ ತೂಕದ ಲೆಕ್ಕದಲ್ಲಿ ಬೆಲೆಬಾಳುವ ಮರ; ತಪ್ಪಿ ಕೆತ್ತಿದ ಚೂರನ್ನು ಮತ್ತೆ ಅಂಟಿಸುವಂತಿಲ್ಲ. ಆದಕಾರಣ ತಪ್ಪುವುದೇನಿದ್ದರೂ ಕಾಗದದ ಮೇಲೆ ತಪ್ಪಬೇಕು. ವಿದ್ಯಾರ್ಥಿಯ ಒಂದು ಮಳೆಗಾಲವೂ ನಮ್ಮ ದೃಷ್ಟಿಯಲ್ಲಿ ಶ್ರೀಗಂಧಕ್ಕೆ ಕಡಮೆಯದಲ್ಲ.

ಇಲ್ಲಿ ಒಬ್ಬರು ಆಕ್ಷೇಪಿಸಬಹುದು. ಇದೇ ಸೀಮೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಿಂದ, ಪುಂಡಿನಾರಿನ ಕುಂಚ ಹಿಡಿದು ಹಸೆ ಚಿತ್ತಾರ ಬರೆಯುತ್ತಾರಲ್ಲ. ಅವರಿಗೆ ಯಾವ ಕಾಗದದ ಕರಡು? ಆಕ್ಷೇಪಣೆ ಯೋಗ್ಯವಾದುದೇ. ಆದರೆ ಅಲ್ಲಿ ಬರೆಯುವವರೂ ಅವರೇ, ಆ ಗೋಡೆಯ ನಡುವೆ ಬಾಳುವವರೂ ಅವರೇ. ಯಾವ ಎಳೆ ಎಲ್ಲಿ ಬರಬೇಕೆಂಬುದನ್ನು ತಾಯಿಯ ಕೈಯಿಂದ ಮಗಳ ಕೈ ಕಲಿತಿದೆ. ಮಾಡುವವನೊಬ್ಬ, ಬಳಸುವವನು ಇನ್ನೊಬ್ಬ ಎಂದಾದಾಗ ನಡುವೆ ಕರಡು ಬೇಕಾಗುತ್ತದೆ. ಕಾಲೇಜು ಹುಡುಗನು ಅಡಕೆ ಬೆಳೆಗಾರನಿಗಾಗಿ ಮಾಡುವ ಜಾಲತಾಣ ಈ ಎರಡನೆಯ ಜಾತಿಯದು.

ಈಗ ಕನ್ನಡದ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಏಕೆಂದರೆ ಜಾಲತಾಣದ ವಿನ್ಯಾಸವನ್ನು ಕಲಿಸುವ ಪುಸ್ತಕಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿ ಇಂಗ್ಲಿಷಿಗಾಗಿ ಬರೆದವು.

ಕರಡಿನಲ್ಲಿ ನಿಜವಾದ ಬರಹದ ಬದಲು ತುಂಬುವ ಆ ಲ್ಯಾಟಿನ್ ಸಾಲುಗಳಿಗೆ 'ಲೊರೆಮ್ ಇಪ್ಸಮ್' ಎಂದು ಹೆಸರು. ಅದು ರೋಮಿನ ಸಿಸೆರೊ ಕ್ರಿಸ್ತಪೂರ್ವ ೪೫ರಲ್ಲಿ ಬರೆದ ತತ್ತ್ವಗ್ರಂಥವೊಂದರ ತುಣುಕುಗಳನ್ನು ಕಲಸಿ ಕೆಡಿಸಿದ್ದು. ೧೯೬೦ರ ದಶಕದಲ್ಲಿ ಲೆಟ್ರಾಸೆಟ್ ಕಂಪನಿಯ ಅಕ್ಷರದ ಹಾಳೆಗಳ ಮೂಲಕ ಇದು ಮುದ್ರಣದವರಲ್ಲಿ ಹರಡಿತು. ೧೯೮೦ರ ದಶಕದಲ್ಲಿ ಪೇಜ್‌ಮೇಕರ್ ತಂತ್ರಾಂಶದೊಡನೆ ಕಂಪ್ಯೂಟರಿಗೂ ಬಂದಿತು. ಓದುವವನ ಗಮನ ಅರ್ಥದ ಕಡೆಗೆ ಹೋಗದೆ ಆಕಾರದ ಕಡೆಗೆ ಇರಲಿ ಎಂಬುದು ಇದರ ಉದ್ದೇಶ. ಲ್ಯಾಟಿನ್ ಲಿಪಿಯಲ್ಲೇ ಅಚ್ಚಾಗುವ ಪುಟಕ್ಕೆ ಇದರಿಂದ ಹಾನಿಯಿಲ್ಲ. ಕನ್ನಡದ ಪುಟಕ್ಕೆ ಇದು ಕೇವಲ ನಿರುಪಯೋಗಿಯಲ್ಲ, ಮೋಸಗೊಳಿಸುವಂಥದು. ಏಕೆಂದರೆ ಆಕಾರವೇ ಬೇರೆ.

ಇಂಗ್ಲಿಷಿನ ಅಕ್ಷರಗಳು ಬಹುಮಟ್ಟಿಗೆ ಒಂದು ಗೆರೆಯ ಮೇಲೆ ಸಾಲಾಗಿ ನಿಲ್ಲುತ್ತವೆ. ಕೆಲವಕ್ಕೆ ಮಾತ್ರ ಕೆಳಗೊಂದು ಬಾಲ. ನಮ್ಮ ಅಕ್ಷರಕ್ಕೆ ಮೇಲೆ ತಲೆಕಟ್ಟು, ಗುಡಿಸು, ಏತ್ವ, ಪಕ್ಕಕ್ಕೆ ಕೊಂಬು, ದೀರ್ಘ, ಕೆಳಗೆ ಒತ್ತು. ಒತ್ತೆಂಬುದು ಬಾಲವಲ್ಲ, ನೆಲಮಾಳಿಗೆಯಲ್ಲಿ ವಾಸಮಾಡುವ ಇನ್ನೊಂದು ಅಕ್ಷರವೇ ಸರಿ. 'ರಾಷ್ಟ್ರ', 'ಶಾಸ್ತ್ರ', 'ಸ್ತ್ರೀ' ಎಂಬಲ್ಲಿ ಒಂದರ ಜೊತೆ ಇನ್ನೊಂದೆಂದು ಎರಡೆರಡು ಒತ್ತುಗಳು. ಲ್ಯಾಟಿನ್ ಲಿಪಿಗೆ ಅಕ್ಷರದ ಅಳತೆಯ ೧.೨ರಷ್ಟು ಸಾಲಂತರವಿದ್ದರೆ ಸಾಮಾನ್ಯವಾಗಿ ನಡೆದೀತು. ಅಂದರೆ ೧೬ ಅಳತೆಯ ಅಕ್ಷರಕ್ಕೆ ಸುಮಾರು ೧೯. ಅದೇ ೧೯ರಲ್ಲಿ ಕನ್ನಡವನ್ನು ಕೂಡಿಸಿದರೆ ಮೇಲಿನ ಸಾಲಿನ ಒತ್ತುಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ. ನಮಗಂತೂ ೨೫ ಅಥವಾ ೨೬ಕ್ಕೆ ಕಡಮೆಯಾದರೆ ಓದಲು ಹಿತವೆನಿಸುವುದಿಲ್ಲ. ಹೀಗೆ ಪುಟದ ಉದ್ದವೇ ಮೂರನೆಯ ಒಂದು ಭಾಗದಷ್ಟು ಬೆಳೆಯುತ್ತದೆ. ಲ್ಯಾಟಿನ್ ಕರಡಿನಲ್ಲಿ ಒಂದು ತೆರೆಯಲ್ಲಿ ಹಿಡಿಸಿದ ಕೋಷ್ಟಕವು ಕನ್ನಡದಲ್ಲಿ ಹೊರಗೆ ಚೆಲ್ಲುವುದು ಇದರಿಂದಲೇ.

ಅಗಲದ ತೊಂದರೆ ಇನ್ನೊಂದು. ನಮ್ಮ ಭಾಷೆಯಲ್ಲಿ ಪ್ರತ್ಯಯಗಳು ಶಬ್ದಕ್ಕೆ ಅಂಟಿಕೊಳ್ಳುತ್ತವೆ. ಇಂಗ್ಲಿಷಿನಲ್ಲಿ ಮೂರು ಬಿಡಿಶಬ್ದಗಳಾಗಿ ಬರುವುದು ಕನ್ನಡದಲ್ಲಿ 'ಬದಲಾಯಿಸಲಾಗುವುದಿಲ್ಲ' ಎಂಬ ಒಂದೇ ಶಬ್ದ. ಮೂರಿದ್ದರೆ ಎಲ್ಲಿಯಾದರೂ ಮುರಿದು ಮುಂದಿನ ಸಾಲಿಗೆ ಹೋಗಬಹುದು. ಒಂದೇ ಆದರೆ ಅದು ಗುಂಡಿಯಿಂದ ಹೊರಗೆ ಕೈಕಾಲು ಚಾಚುತ್ತದೆ. ಆಗ ಏನು ಮಾಡಬೇಕು? ಗುಂಡಿಯನ್ನು ದೊಡ್ಡದು ಮಾಡಬೇಕೆ, ಮಾತನ್ನು ಚಿಕ್ಕದು ಮಾಡಬೇಕೆ? ಅನೇಕ ಸಲ ಎರಡನೆಯದೇ ಮೇಲು; 'ಬದಲಾಗದು' ಎಂದರೆ ಸಾಕಲ್ಲವೆ? ಆದರೆ ಇಂತಹ ತೀರ್ಮಾನವನ್ನು ಲ್ಯಾಟಿನ್ ಸಾಲುಗಳನ್ನು ನೋಡುತ್ತ ಕುಳಿತವನು ಮಾಡಲಾರ. ಕಾಗದದ ಮೇಲೆ ತನ್ನ ಕೈಯಿಂದ ಆ ಶಬ್ದವನ್ನು ಬರೆಯಲು ಹೊರಟವನಿಗೆ ಮೊದಲ ನಿಮಿಷದಲ್ಲೇ ಅದು ಹೊಳೆಯುತ್ತದೆ.

ಕಾಗದಕ್ಕೆ ಇನ್ನೊಂದು ಗುಣವಿದೆ: ಅದು ಕನ್ನಡವನ್ನು ತಪ್ಪಾಗಿ ತೋರಿಸುವುದಿಲ್ಲ. ಕಂಪ್ಯೂಟರಿನಲ್ಲಿ ಹಾಗಲ್ಲ. ಯೂನಿಕೋಡ್ ಕ್ರಮದಲ್ಲಿ 'ಸ್ತ್ರೀ' ಎಂಬ ಒಂದು ಅಕ್ಷರ ಆರು ಸಂಕೇತಗಳ ಸಾಲು: ಸಕಾರ, ವಿರಾಮ, ತಕಾರ, ವಿರಾಮ, ರಕಾರ, ಈಕಾರದ ಚಿಹ್ನೆ. ಈ ಆರನ್ನು ಕೂಡಿಸಿ ಒಂದು ಆಕೃತಿಯಾಗಿ ಹೆಣೆಯುವ ಕೆಲಸ ತಂತ್ರಾಂಶದೊಳಗಿನ ಬೇರೊಂದು ಭಾಗದ್ದು. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಫೋನುಗಳಲ್ಲಿ ಹಾರ್ಫ್‌ಬಜ್ ಎಂಬುದು ಈ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ಚಿತ್ರ ಬರೆಯುವ ಕೆಲವು ಪ್ರಸಿದ್ಧ ತಂತ್ರಾಂಶಗಳಲ್ಲಿ ದಕ್ಷಿಣ ಏಷ್ಯದ ಲಿಪಿಗಳಿಗೆಂದು ಇರುವ ಆಯ್ಕೆಯನ್ನು ಹುಡುಕಿ ಆರಿಸಿಕೊಂಡ ಹೊರತು ಒತ್ತುಗಳು ಕೂಡುವುದಿಲ್ಲ. 'ಸ್‌ತ್‌ರೀ' ಎಂದು ಬಿಡಿಬಿಡಿಯಾಗಿ ನಿಲ್ಲುತ್ತವೆ. ಆಗ ವಿದ್ಯಾರ್ಥಿಯು ಬೇಸತ್ತು ಏನು ಮಾಡುತ್ತಾನೆ? "ಕರಡು ಇಂಗ್ಲಿಷಿನಲ್ಲೇ ಇರಲಿ, ಆಮೇಲೆ ಕನ್ನಡ ಹಾಕಿದರಾಯಿತು" ಎನ್ನುತ್ತಾನೆ. ಹೊಸಬಾಳೆಯಲ್ಲಿ ನಡೆದದ್ದು ಇದೇ. ಸಾಧನವು ತನಗರಿವಿಲ್ಲದೆಯೇ ಭಾಷೆಯನ್ನು ಆರಿಸಿಬಿಟ್ಟಿತು. ಬಳಸುವವರು ಆಮೇಲೆ ಬಂದರು. ಕನ್ನಡದ ಜಾಲತಾಣಗಳಲ್ಲಿ ಹಲವು ಇಂಗ್ಲಿಷ್ ಅಂಗಿಯನ್ನು ಎರವಲು ತೊಟ್ಟಂತೆ ಕಾಣುವುದಕ್ಕೆ ಇದೂ ಒಂದು ಕಾರಣವೆಂದು ನಾವು ನಂಬಿದ್ದೇವೆ.

ಹಾಗಾದರೆ ಕಾಗದದ ಕರಡನ್ನು ಮಾಡುವ ಬಗೆ ಹೇಗೆ? ವಿಧಾನ ಸರಳ. ನಿಮ್ಮ ಊರಿನವರು ಹೆಚ್ಚಾಗಿ ಬಳಸುವ ಫೋನೊಂದನ್ನು ರಟ್ಟಿನ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ತೆರೆಯಿರುವ ಜಾಗವನ್ನು ಕತ್ತರಿಸಿ ಕಿಟಕಿ ಮಾಡಿ. ಪುಟವನ್ನು ಆ ಕಿಟಕಿಯ ಅಗಲದ ಉದ್ದನೆಯ ಕಾಗದದ ಪಟ್ಟಿಯ ಮೇಲೆ ಬರೆಯಿರಿ. ಪಟ್ಟಿಯನ್ನು ಕಿಟಕಿಯ ಹಿಂದೆ ಮೇಲಕ್ಕೂ ಕೆಳಕ್ಕೂ ಎಳೆದರೆ ಬೆರಳಿನಿಂದ ಪುಟ ಸರಿಸಿದಂತಾಯಿತು. ಗುಂಡಿಯನ್ನು ಒತ್ತಿದಾಗ ಕಾಣಬೇಕಾದ ಪುಟಕ್ಕೆ ಇನ್ನೊಂದು ಪಟ್ಟಿ. ನೋಡುವವರು ಬೆರಳಿಟ್ಟ ಕೂಡಲೆ ಪಟ್ಟಿ ಬದಲಾಯಿಸಲು ಪಕ್ಕದಲ್ಲಿ ಒಬ್ಬ ಗೆಳೆಯನಿರಲಿ. ಕಂಪ್ಯೂಟರಿನ ಪಾತ್ರ ಅವನದು. ಬರೆಯುವ ಮಾತೆಲ್ಲ ನಿಜವಾದದ್ದಿರಲಿ. 'ಸಿಪ್ಪೆಗೋಟು' ಎಂದಿರಬೇಕಾದಲ್ಲಿ ಸಿಪ್ಪೆಗೋಟು ಎಂದೇ ಬರೆಯಿರಿ. ದರವಿರಬೇಕಾದಲ್ಲಿ ಐದಂಕಿಯ ದರವನ್ನೇ ಬರೆಯಿರಿ.

ಇದನ್ನು ತೋರಿಸುವಾಗ "ಹೇಗಿದೆ?" ಎಂದು ಮಾತ್ರ ಕೇಳಬಾರದು. ಆ ಪ್ರಶ್ನೆಗೆ ನಮ್ಮ ನಾಡಿನಲ್ಲಿ ಉತ್ತರ ಮೊದಲೇ ಗೊತ್ತು. ಅದರ ಬದಲು ಒಂದು ಕೆಲಸ ಕೊಡಿ: "ಅಜ್ಜಾ, ಇವತ್ತಿನ ಬೆಟ್ಟೆಯ ದರ ಇದರಲ್ಲಿ ಹುಡುಕಿ ಕೊಡ್ತೀರಾ?" ಎನ್ನಿ. ಎಂದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ಇದೇ ಕಷ್ಟದ ಭಾಗ. ಅವರ ಬೆರಳು ತಪ್ಪು ಜಾಗಕ್ಕೆ ಹೋದಾಗ "ಅಲ್ಲಲ್ಲ, ಇಲ್ಲಿ" ಎನ್ನಲು ನಾಲಗೆ ತುರಿಸುತ್ತದೆ. ತಡೆದುಕೊಳ್ಳಿ. ಬೆರಳು ಹೋದ ಜಾಗವನ್ನು ಬರೆದುಕೊಳ್ಳಿ. ತಪ್ಪಿದ್ದು ಬೆರಳಲ್ಲ, ನಿಮ್ಮ ಪುಟ. ಪೆನ್ಸಿಲನ್ನು ಅವರ ಕೈಗೆಟಕುವಲ್ಲಿ ಇಡುವುದನ್ನು ಮರೆಯಬೇಡಿ. ಕಂಪ್ಯೂಟರಿನ ತೆರೆಯ ಮೇಲೆ ಗೀಚಲು ಹೆದರುವವರು ಹಾಳೆಯ ಮೇಲೆ ಗೀಚಲು ಹೆದರುವುದಿಲ್ಲ.

ಎಷ್ಟು ಮಂದಿಗೆ ತೋರಿಸಬೇಕು? ಊರಿಗೆಲ್ಲ ತೋರಿಸಬೇಕಾಗಿಲ್ಲ. ೧೯೯೩ರಲ್ಲಿ ಯಾಕೋಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ ಎಂಬವರು ಹಲವು ಪರೀಕ್ಷೆಗಳ ಫಲಿತಾಂಶವನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಒಬ್ಬನು ಬಳಸಿ ನೋಡಿದಾಗ ಸರಾಸರಿಯಲ್ಲಿ ನೂರಕ್ಕೆ ೩೧ ದೋಷಗಳು ಹೊರಬೀಳುತ್ತವೆ, ೬೯ ಅಡಗಿರುತ್ತವೆ. ಎರಡನೆಯವನು ಹೊಸದಾಗಿ ತೋರಿಸಿಕೊಡುವುದು ಈ ೬೯ರಲ್ಲಿ ನೂರಕ್ಕೆ ೩೧ರಂತೆ. ಆಗ ಉಳಿಯುವುದು ೪೮. ಮೂರನೆಯವನ ಬಳಿಕ ೩೩, ನಾಲ್ಕನೆಯವನ ಬಳಿಕ ೨೩, ಐದನೆಯವನ ಬಳಿಕ ೧೬. ಗಣಿತ ಬಲ್ಲ ವಿದ್ಯಾರ್ಥಿಗಳು ಇಲ್ಲಿ ೦.೬೯ರ ಘಾತಗಳನ್ನು ಗುರುತಿಸಿರಬಹುದು. ಆರನೆಯವನಿಂದ ಮುಂದೆ ಶ್ರಮ ಹೆಚ್ಚು, ಫಲ ಕಡಮೆ. ಆದುದರಿಂದ ಹದಿನೈದು ಮಂದಿಗೆ ಒಮ್ಮೆಲೇ ತೋರಿಸುವುದಕ್ಕಿಂತ ಐದು ಮಂದಿಗೆ ತೋರಿಸಿ, ತಿದ್ದಿ, ಮತ್ತೆ ಬೇರೆ ಐದು ಮಂದಿಗೆ ತೋರಿಸುವುದು ಲೇಸು. ಹಾಗೆಂದು ೩೧ ಎಂಬುದನ್ನು ಗುರುತ್ವಾಕರ್ಷಣದ ಸ್ಥಿರಾಂಕದಂತೆ ಹಿಡಿಯಬಾರದು. ಅದು ಕೆಲವು ಪರೀಕ್ಷೆಗಳ ಸರಾಸರಿ, ಅಷ್ಟೆ. ಐವರೂ ನಿಮ್ಮ ತರಗತಿಯ ಗೆಳೆಯರೇ ಆದರೆ ಐವರನ್ನು ಕೇಳಿದಂತಲ್ಲ, ಒಬ್ಬನನ್ನೇ ಐದು ಸಲ ಕೇಳಿದಂತೆ. ಕನ್ನಡಕ ಮರೆತು ಬಂದ ಅಜ್ಜ, ಲೆಕ್ಕಪತ್ರ ನೋಡಿಕೊಳ್ಳುವ ಮನೆಯೊಡತಿ, ಅಡಕೆ ಸುಲಿಯಲು ಬರುವ ಕೆಲಸಗಾರ್ತಿ, ಇಂತಹವರು ಆ ಐವರಲ್ಲಿರಬೇಕು.

ಕಾಗದ ರಟ್ಟುಗಳೆಂದರೆ ಬಡವರ ಉಪಾಯವೆಂದು ಯಾರೂ ತಿಳಿಯದಿರಲಿ. ೧೯೮೧ರಿಂದ ೧೯೮೫ರವರೆಗೆ ಸ್ಕ್ಯಾಂಡಿನೇವಿಯದಲ್ಲಿ ಯುಟೋಪಿಯ ಎಂಬ ಸಂಶೋಧನೆ ನಡೆಯಿತು. ಪತ್ರಿಕೆಗಳ ಪುಟ ಜೋಡಿಸುವ ಕೆಲಸಕ್ಕೆ ಕಂಪ್ಯೂಟರು ಬರಲಿದ್ದ ಕಾಲ ಅದು. ಯಂತ್ರ ಹೇಗಿರಬೇಕೆಂಬುದರಲ್ಲಿ ಕೆಲಸಗಾರರ ಮಾತೂ ನಡೆಯಬೇಕೆಂದು ಮುದ್ರಣ ಕಾರ್ಮಿಕರ ಸಂಘಗಳು ಸಂಶೋಧಕರೊಡನೆ ಕೈಜೋಡಿಸಿದ್ದವು. ಬರಹದಲ್ಲಿ ವಿವರಿಸಿದ ಯೋಜನೆಗಳು ಕೆಲಸಗಾರರಿಗೆ ಹಿಡಿಸಲಿಲ್ಲ. ಆಗ ಸಂಶೋಧಕರು ಪ್ಲೈವುಡ್ಡಿನಿಂದ, ರಟ್ಟಿನಿಂದ, ಕಾಗದದಿಂದ ಸುಳ್ಳು ಕಂಪ್ಯೂಟರುಗಳನ್ನು ಮಾಡಿಟ್ಟರು. ಒಂದು ಖಾಲಿ ರಟ್ಟಿನ ಪೆಟ್ಟಿಗೆಯ ಮೇಲೆ ಲೇಸರ್ ಪ್ರಿಂಟರ್ ಎಂದು ಬರೆದಿಟ್ಟರು. ಮೊಳೆ ಜೋಡಿಸಿ ಪಳಗಿದ ಕೈಗಳು ಆ ಸುಳ್ಳು ಯಂತ್ರಗ��� ಮುಂದೆ ಕೆಲಸ ನಟಿಸುತ್ತ, ಇದು ಇಲ್ಲಿ ಬೇಡ, ಅದು ಅಲ್ಲಿ ಬೇಕು ಎಂದು ಹೇಳತೊಡಗಿದವು. ಪೆಲ್ಲೆ ಏನ್ ಮತ್ತು ಮಾರ್ಟೆನ್ ಕ್ಯುಂಗ್ ಎಂಬಿಬ್ಬರು ೧೯೯೧ರಲ್ಲಿ ಈ ಅನುಭವವನ್ನು 'ರಟ್ಟಿನ ಕಂಪ್ಯೂಟರುಗಳು' ಎಂಬರ್ಥದ ಲೇಖನದಲ್ಲಿ ಬರೆದಿದ್ದಾರೆ. ೧೯೯೬ರಲ್ಲಿ ಹೊರಬಂದ ಪೈಲಟ್ ಎಂಬ ಜೇಬುಗಂಪ್ಯೂಟರನ್ನು ರೂಪಿಸಿದ ಜೆಫ್ ಹಾಕಿನ್ಸ್, ಅದು ತಯಾರಾಗುವ ಮೊದಲು ಅದೇ ಗಾತ್ರದ ಮರದ ತುಂಡನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿ, ಬೇಕಾದಾಗಲೆಲ್ಲ ಅದನ್ನು ತೆಗೆದು ಕಡ್ಡಿಯಿಂದ ಬರೆದಂತೆ ನಟಿಸುತ್ತಿದ್ದನು.

ಕಾಗದದಿಂದ ಎಲ್ಲವೂ ಆಗುತ್ತದೆಂದು ನಾವು ವಾದಿಸುವುದಿಲ್ಲ. ಮಲೆನಾಡಿನ ಬಡಕಲು ಸಿಗ್ನಲಿನಲ್ಲಿ ಪುಟ ತೆರೆಯಲು ಎಷ್ಟು ಹೊತ್ತು ಬೇಕೆಂಬುದನ್ನು ಕಾಗದ ಹೇಳಲಾರದು. ಬಿಸಿಲಿನಲ್ಲಿ ನಿಂತು ನೋಡಿದರೆ ಬೂದುಬಣ್ಣದ ಅಕ್ಷರ ಕಾಣುವುದೇ ಎಂಬುದನ್ನೂ ಹೇಳಲಾರದು. ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ೪.೫ಕ್ಕೆ ೧ರಷ್ಟಾದರೂ ಬೆಳಕಿನ ಅಂತರವಿರಬೇಕೆಂಬ ನಿಯಮವನ್ನು ತೆರೆಯ ಮೇಲೆಯೇ ಪರೀಕ್ಷಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕಣ್ಣು ಕಾಣದವರು ಫೋನಿನ ದನಿಯನ್ನು ಆಲಿಸಿ ಪುಟವನ್ನು ಬಳಸುತ್ತಾರೆ. ಅವರ ಮುಂದೆ ಕಾಗದವಿರಿಸುವುದು ಅರ್ಥಹೀನ. ಅವರಿಗಾಗಿ ಬೇಗನೆ ಒಂದು ಬರಿಯ ಅಕ್ಷರಗಳ ಪುಟವನ್ನು ನಿಜವಾಗಿಯೇ ಕಟ್ಟಿ ಕೇಳಿಸಬೇಕು. ದೂರದಲ್ಲಿರುವವರ ಅಭಿಪ್ರಾಯ ಬೇಕಾದಾಗಲೂ ಕಾಗದ ಸೋಲುತ್ತದೆ. ಆದರೆ ಹಾಳೆಯ ಫೋಟೋ ತೆಗೆದು, ಭಾಗಗಳಿಗೆ ೧, ೨, ೩ ಎಂದು ಅಂಕಿ ಹಾಕಿ ವಾಟ್ಸಾಪಿನಲ್ಲಿ ಕಳುಹಿಸಿದರೆ "ಎರಡನೆಯದು ಮೇಲಿರಲಿ" ಎಂದು ದನಿಯಲ್ಲೇ ಉತ್ತರ ಬರುತ್ತದೆ. ಟೈಪು ಮಾಡಲು ಬಾರದವರಿಗೆ ಇದಕ್ಕಿಂತ ಸುಲಭವಾದುದು ನಮಗೆ ಕಂಡಿಲ್ಲ.

"ಉದ್ಯೋಗಕ್ಕೆ ಹೋದಾಗ ಪೆನ್ಸಿಲು ಹಿಡಿಯಲು ಬರುತ್ತದೆಂದರೆ ಯಾರು ಕೆಲಸ ಕೊಡುತ್ತಾರೆ?" ಎಂದು ಒಬ್ಬ ವಿದ್ಯಾರ್ಥಿ ನಮ್ಮನ್ನು ನೇರವಾಗಿ ಕೇಳಿದನು. ಸರಿಯಾದ ಪ್ರಶ್ನೆ. ತಂತ್ರಾಂಶಗಳನ್ನು ಕಲಿಯಬೇಡಿರೆಂದು ನಾವು ಹೇಳುತ್ತಿಲ್ಲ. ೨೦೧೬ರಿಂದ ಎಲ್ಲರಿಗೂ ದೊರೆಯುತ್ತಿರುವ ಫಿಗ್ಮ, ಮುಕ್ತ ತಂತ್ರಾಂಶವಾದ ಪೆನ್‌ಪಾಟ್ ಇವೆಲ್ಲ ಯೋಗ್ಯ ಸಾಧನಗಳೇ. ೨೦೦೮ರಲ್ಲಿ ಹುಟ್ಟಿದ ಬಾಲ್ಸಾಮಿಕ್ ಎಂಬುದಂತೂ ಕಂಪ್ಯೂಟರಿನಲ್ಲಿ ಎಳೆದ ಗೆರೆಯನ್ನು ಬೇಕೆಂದೇ ಕೈಯಲ್ಲಿ ಗೀಚಿದಂತೆ ಸೊಟ್ಟಗೆ ತೋರಿಸುತ್ತದೆ. ಅದನ್ನು ಮಾಡಿದವರಿಗೆ ನಾವು ಮೇಲೆ ಹೇಳಿದ ಗುಟ್ಟು ಗೊತ್ತಿತ್ತೆಂದಾಯಿತು. ಇಂತಹದೊಂದನ್ನು ಆರಿಸುವಾಗ ಜಾಹೀರಾತು ಓದಬೇಡಿ. 'ರಾಷ್ಟ್ರೀಕೃತ' ಎಂದು ಟೈಪು ಮಾಡಿ ನೋಡಿ. ಒತ್ತುಗಳು ಕೂಡಿದವೇ? ಸಾಲಿನ ಕೆಳಗೆ ಕತ್ತರಿಸಿಹೋಗಲಿಲ್ಲವೇ? ನೆಟ್ ಹೋದಾಗಲೂ ಕೆಲಸ ನಡೆಯುವುದೇ? ಊರಿನವರು ತಮ್ಮ ಫೋನಿನಲ್ಲಿ ಖಾತೆ ತೆರೆಯದೆಯೇ ಅದನ್ನು ನೋಡಬಹುದೇ? ಇಷ್ಟಕ್ಕೆ ಉತ್ತರ ಸಿಕ್ಕಿದರೆ ಆಯ್ಕೆ ಮುಗಿಯಿತು. ಆದರೆ ಇದೆಲ್ಲ ಕಾಗದದ ಮೇಲೆ ಎರಡು ಸಲವಾದರೂ ತಪ್ಪಿ, ಎರಡು ಸಲವಾದರೂ ತಿದ್ದಿದ ಮೇಲಿನ ಮಾತು.

ಹೊಸಬಾಳೆಯ ಹುಡುಗರು ಮರುವರ್ಷ ಮತ್ತೆ ತೊಡಗಿದರು. ಈ ಸಲ ಅವರು ಜಗಲಿಗೆ ತಂದದ್ದು ರಟ್ಟಿನ ಫೋನು ಮತ್ತು ಹನ್ನೆರಡು ಕಾಗದದ ಪಟ್ಟಿಗಳು. ತೋಟದ ಚಿತ್ರ ಮೊದಲ ಹತ್ತು ನಿಮಿಷಗಳಲ್ಲೇ ಹೋಯಿತು. "ತೋಟ ಮನೆ ಹಿಂದೇ ಇದ್ದಲ್ಲ" ಎಂದು ಒಬ್ಬರು ಹೇಳಿದರು. ರಾಶಿಯನ್ನೂ ಬೆಟ್ಟೆಯನ್ನೂ ಮೇಲಕ್ಕೆ ತಂದು, ಅಪರೂಪದ ಬಗೆಗಳನ್ನು ಕೆಳಕ್ಕೆ ಇಳಿಸಲಾಯಿತು. ಆಮೇಲೆ ವಾದ ಎದ್ದುದು ಹಿಂದಿನ ದಿನದ ದರದ ಮೇಲೆ. ಇವತ್ತಿನ ದರವೊಂದೇ ತಿಳಿದರೆ ಅಡಕೆ ಕೊಡಬೇಕೋ ಇಟ್ಟುಕೊಳ್ಳಬೇಕೋ ಗೊತ್ತಾಗುವುದಿಲ್ಲವೆಂದು ಬೆಳೆಗಾರರು. ಎರಡೂ ದರಗಳನ್ನು ಹಾಕಲು ಅಗಲ ಸಾಲದೆಂದು ಹುಡುಗರು. ಹೋದ ವರ್ಷ ದರ ಎಲ್ಲಿದ್ದು ಎಂದು ಕೇಳಿದ್ದ ಹಿರಿಯರು ಸ್ವಲ್ಪ ಹೊತ್ತು ಕೇಳುತ್ತ ಕುಳಿತಿದ್ದು, ಕೊನೆಗೆ ಪಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಪೆನ್ಸಿಲಿನಿಂದ ರಾಶಿಯ ದರದ ಪಕ್ಕದಲ್ಲಿ ಮೇಲ್ಮುಖವಾದ ಒಂದು ಚಿಕ್ಕ ಬಾಣವನ್ನೂ ಬೆಟ್ಟೆಯ ಪಕ್ಕದಲ್ಲಿ ಕೆಳಮುಖವಾದ ಇನ್ನೊಂದನ್ನೂ ಗೀಚಿ, ಪಟ್ಟಿಯನ್ನು ಹುಡುಗರ ಕಡೆಗೆ ಸರಿಸಿದರು.